ರಸ್ತೆ ಬದಿ ಕೂತಿದ್ದ ಬಿಳಿತಲೆ ಹದ್ದು ಸತ್ತೇ ಹೋಯಿತು, ಸೀಸ ಅಂತೆ. ಅದರ ಹೊಟ್ಟೆಗೆ ಸೀಸ ಹೇಗೆ ಹೋಯಿತು?

ಸಾಗರದವ (ರೋಚೆಸ್ಟರ್, ಮಿನ್ನೆಸೋಟ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ, ಬೇಜಾರು ಮಾಡ್ಕೋಬೇಡಿ.

ಅಮ್ಮ ಊರಿನಿಂದ ಬಂದು ಎರಡು ತಿಂಗಳಾಯಿತು. ಮನೆಯೊಳಗೇ ಕೂತು ಕೂತು ಬೇಸರ ಅಂದರು. ನವೆಂಬರ್ ಕೊನೆಯ ಶನಿವಾರ ವಾಬಶಾಗೆ ಕರೆದುಕೊಂಡು ಹೋದೆ. ಮಿಸಿಸಿಪ್ಪಿ ದಂಡೆಯ ಪುಟ್ಟ ಊರು. ಎಷ್ಟೇ ಚಳಿ ಬಿದ್ದರೂ ಅಲ್ಲಿ ಹೊಳೆ ಪೂರ್ತಿ ಹೆಪ್ಪುಗಟ್ಟುವುದಿಲ್ಲ. ಹಾಗಾಗಿ ಮೀನಿನ ಆಸೆಗೆ ಬಿಳಿತಲೆ ಹದ್ದುಗಳು ಬಂದು ಸೇರುತ್ತವೆ. ಕನ್ನಡ ಪತ್ರಿಕೆಗಳಲ್ಲಿ 'ಬೋಳು ಹದ್ದು' ಅಂತ ಬರೆಯುತ್ತಾರೆ. ತಲೆ ತುಂಬಾ ಪುಕ್ಕ ಇರುವ ಹಕ್ಕಿಯನ್ನು ಬೋಳು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಮೊದಲನೆಯದು ಕಂಡ ಕೂಡಲೇ ಅಮ್ಮ, "ಇದು ನಮ್ಮ ಗರುಡ ಅಲ್ವೇನೋ, ತಲೆ ನೋಡು ಬೆಳ್ಳಗೆ" ಅಂದರು. ಊರಲ್ಲಿ ಗರುಡ ಕಂಡಾಗ ಮಾಡುವ ಹಾಗೆಯೇ ಕೆನ್ನೆ ಮುಟ್ಟಿಕೊಂಡು ಕೈ ಮುಗಿದರು. ಗ್ಲೌಸ್ ಹಾಕಿಕೊಂಡೇ! ನಮ್ಮ ಗರುಡ ಇದರ ಮುಂದೆ ಮರಿ. ಇದು ರೆಕ್ಕೆ ಬಿಚ್ಚಿದರೆ ಎರಡು ಮೀಟರ್.

ವಾಪಸ್ ಬರುವಾಗ, ಕಟಾವಾದ ಮೆಕ್ಕೆಜೋಳದ ಹೊಲದ ಪಕ್ಕ, ರಸ್ತೆಯಿಂದ ಹತ್ತು ಹೆಜ್ಜೆ ಆಚೆ ಹಿಮದ ಮೇಲೆ ಒಂದು ಕೂತಿತ್ತು. ಕಾರು ನಿಲ್ಲಿಸಿದರೂ ಹಾರಲಿಲ್ಲ. ಇಳಿದು ನಾಲ್ಕು ಹೆಜ್ಜೆ ಹೋದರೂ ಹಾರಲಿಲ್ಲ. ರೆಕ್ಕೆ ಎರಡೂ ಒದ್ದೆ ಕಂಬಳಿಯ ಹಾಗೆ ಜೋತು ಬಿದ್ದಿದ್ದವು. ಕೊಕ್ಕು ತೆರೆದು ಏದುಸಿರು ಬಿಡುತ್ತಿತ್ತು. ಕಾಲಿನ ಉಗುರುಗಳನ್ನು ಮುಷ್ಟಿ ಕಟ್ಟಿದಂತೆ ಮಡಚಿಕೊಂಡಿತ್ತು. ಹಿಂದೆ ಹಿಮದ ಮೇಲೆ ಕಡುಹಸಿರು ಹಿಕ್ಕೆ. ಗಾಯ ಇಲ್ಲ, ರಕ್ತ ಇಲ್ಲ.

ಮುಟ್ಟಲು ಧೈರ್ಯ ಬರಲಿಲ್ಲ. ಗೂಗಲ್ ಮಾಡಿ ಫೋನ್ ಹಚ್ಚಿದೆ. ಒಂದು ಗಂಟೆಗೆ ಒಬ್ಬರು ಬಂದು ಕಂಬಳಿ ಹೊದಿಸಿ, ಮಗುವನ್ನು ಎತ್ತಿದ ಹಾಗೆ ಎತ್ತಿ, ಪೆಟ್ಟಿಗೆಗೆ ಹಾಕಿಕೊಂಡು ಸೇಂಟ್ ಪಾಲ್‌ಗೆ ಒಯ್ದರು. ಮೂರನೇ ದಿನ ಕೇಳಿದೆ. ಹೋಯಿತು ಅಂದರು. ರಕ್ತದಲ್ಲಿ ಸೀಸ ವಿಪರೀತ ಇತ್ತಂತೆ.

ನನಗೆ ಅರ್ಥ ಆಗದ್ದು ಇದು. ಯಾರೂ ಅದಕ್ಕೆ ಗುಂಡು ಹೊಡೆದಿಲ್ಲ. ಪಕ್ಕದ ಮನೆಯವರು ಪ್ರತಿ ವರ್ಷ ಜಿಂಕೆ ಶಿಕಾರಿಗೆ ಹೋಗುತ್ತಾರೆ, ಅವರನ್ನೂ ಕೇಳಿದೆ. "ಇಲ್ಲಿ ಯಾರೂ ಹದ್ದಿಗೆ ಗುರಿ ಇಡಲ್ಲ, ಅದು ದೇಶದ ಹಕ್ಕಿ" ಅಂತ ಅವರಿಗೇ ಬೇಜಾರಾಯಿತು. ಒಳ್ಳೇ ಮನುಷ್ಯ. ಹಿಮ ಬಿದ್ದ ಬೆಳಿಗ್ಗೆ ನಾನು ಏಳುವ ಮೊದಲೇ ನಮ್ಮ ಬಾಗಿಲ ತನಕ ಸಲಿಕೆ ಹೊಡೆದಿರುತ್ತಾರೆ. ಹಾಗಾದರೆ ಸೀಸ ಎಲ್ಲಿಂದ ಬಂತು? ನಾನು ಬೇಗ ಏನಾದರೂ ಮಾಡಿದ್ದರೆ ಉಳಿಯುತ್ತಿತ್ತಾ? ಕೋವಿ ಮುಟ್ಟದ, ಮಾಂಸ ತಿನ್ನದ ನನ್ನಂಥವನು ಮಾಡುವಂಥದ್ದು ಏನಾದರೂ ಇದೆಯಾ?

ಇನ್ನೊಂದು. ಅದು ಕೂತಿದ್ದ ಜಾಗದಲ್ಲಿ ಒಂದು ಗರಿ ಬಿದ್ದಿತ್ತು. ಅಮ್ಮ ಎತ್ತಿ ಸ್ವೆಟರ್‌ಗೆ ಒರೆಸಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದಾರೆ. ಸಾಗರಕ್ಕೆ ಒಯ್ದು ದೇವರ ಮನೆಯಲ್ಲಿ ಇಡುತ್ತಾರಂತೆ. ತೊಂದರೆ ಇಲ್ಲ ತಾನೆ?

---

ಹಕ್ಕಿ ಸಾರಥಿ (ಸೇಂಟ್ ಪಾಲ್)

ತೊಂದರೆ ಇದೆ! ಮೊದಲು ಗರಿ ವಿಷಯ ಮುಗಿಸೋಣ.

ಅಮ್ಮನ ಬ್ಯಾಗಿನಿಂದ ಅದನ್ನು ಇವತ್ತೇ ತೆಗೆಸಿ. ಈ ದೇಶದಲ್ಲಿ ಹದ್ದಿನ ಗರಿ, ಉಗುರು, ಮೊಟ್ಟೆಯ ಚೂರು ಏನನ್ನೂ ಇಟ್ಟುಕೊಳ್ಳುವ ಹಾಗಿಲ್ಲ. ದಾರಿಯಲ್ಲಿ ಬಿದ್ದಿದ್ದರೂ ಅಷ್ಟೇ. 1940ರ ಹದ್ದು ಕಾನೂನಿನ ಪ್ರಕಾರ ಮೊದಲ ತಪ್ಪಿಗೇ 1 ಲಕ್ಷ ಡಾಲರ್ ತನಕ ದಂಡ, ಒಂದು ವರ್ಷದ ತನಕ ಜೈಲು. ನಿಮ್ಮ ಅಮ್ಮನನ್ನು ಯಾರೂ ಜೈಲಿಗೆ ಕಳಿಸಲಿಕ್ಕಿಲ್ಲ. ಆದರೆ ಏರ್‌ಪೋರ್ಟಿನಲ್ಲಿ ಆ ರಾಮಾಯಣ ಯಾಕೆ? ಎತ್ತಿದ ಜಾಗದಲ್ಲೇ ಇಟ್ಟು ಬನ್ನಿ.

ಕಾನೂನು ಇಷ್ಟು ಗಟ್ಟಿ ಯಾಕೆ ಅಂದರೆ, ಬಿದ್ದ ಗರಿ ಯಾವುದು, ಕೊಂದು ಕಿತ್ತ ಗರಿ ಯಾವುದು ಅಂತ ನೋಡಿ ಹೇಳಲು ಆಗುವುದಿಲ್ಲ. ಅಲಾಸ್ಕಾದಲ್ಲಿ 1917ರಿಂದ 1953ರ ತನಕ ಹದ್ದು ಕೊಂದವರಿಗೆ ಸರ್ಕಾರವೇ ಇನಾಮು ಕೊಡುತ್ತಿತ್ತು. ಸಾಲ್ಮನ್ ಮೀನು ತಿಂದು ಹಾಕುತ್ತವೆ ಅನ್ನುವ ಸಿಟ್ಟು. ಜೋಡಿ ಕಾಲು ತಂದು ತೋರಿಸಿದರೆ ದುಡ್ಡು. ಲಕ್ಷಕ್ಕೂ ಜಾಸ್ತಿ ಹದ್ದು ಹೋದವು. ನಿಮ್ಮ ಹದ್ದಿನಂಥ ಸತ್ತ ಹಕ್ಕಿಗಳು ಕೊಲರಾಡೋದಲ್ಲಿರುವ ಸರ್ಕಾರದ ಹದ್ದು ಭಂಡಾರಕ್ಕೆ ಹೋಗುತ್ತವೆ. ಅಲ್ಲಿಂದ ಇಲ್ಲಿನ ಮೂಲನಿವಾಸಿ ಬುಡಕಟ್ಟಿನವರಿಗೆ, ಅವರ ಪೂಜೆ ಪದ್ಧತಿಗೆ ಅಂತ ಗರಿ ಕೊಡುತ್ತಾರೆ. ಅಮ್ಮನಿಗೆ ಇದನ್ನು ಹೇಳಿ. ಗರಿ ದೇವರ ಕೆಲಸಕ್ಕೇ ಹೋಗುತ್ತದೆ, ದೇವರು ಬೇರೆ ಅಷ್ಟೇ.

ಈಗ ಸೀಸ. ನಾನು ಒಂಬತ್ತು ವರ್ಷದಿಂದ ಇಲ್ಲಿನ ಬೇಟೆಹಕ್ಕಿಗಳ ಆಸ್ಪತ್ರೆ ರ‍್ಯಾಪ್ಟರ್ ಸೆಂಟರ್‌ಗೆ ಗಾಯದ ಹಕ್ಕಿಗಳನ್ನು ಕಾರಿನಲ್ಲಿ ತಂದು ಮುಟ್ಟಿಸುವ ಕೆಲಸ ಮಾಡುತ್ತಿದ್ದೇನೆ. ಸಂಬಳ ಇಲ್ಲ, ಪೆಟ್ರೋಲೂ ನಮ್ಮದೇ. ನವೆಂಬರ್ ಬಂತೆಂದರೆ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ. ನೀವು ಬರೆದದ್ದು ಓದುತ್ತಾ ಮುಷ್ಟಿ ಕಟ್ಟಿದ ಕಾಲು, ಹಸಿರು ಹಿಕ್ಕೆ ಅನ್ನುವಲ್ಲಿಗೆ ಬಂದಾಗಲೇ ನನಗೆ ಗೊತ್ತಾಯಿತು.

ಜಿಂಕೆ ಹೊಡೆದವರು ಅದು ಬಿದ್ದ ಜಾಗದಲ್ಲೇ ಹೊಟ್ಟೆ ಸೀಳಿ ಕರುಳು, ಶ್ವಾಸಕೋಶ ಎಲ್ಲ ತೆಗೆದು ಅಲ್ಲೇ ಬಿಡುತ್ತಾರೆ. ಇಲ್ಲವಾದರೆ ಮಾಂಸ ಕೆಡುತ್ತದೆ. ಇದು ತಪ್ಪೇನಲ್ಲ, ಎಲ್ಲರೂ ಮಾಡುವುದೇ. ತೊಂದರೆ ಇರುವುದು ಗುಂಡಿನಲ್ಲಿ. ಸೀಸ ಮೆತ್ತಗಿನ ಲೋಹ. ರೈಫಲ್ ಗುಂಡು ಮೈಗೆ ಹೊಕ್ಕ ಕೂಡಲೇ ಒಡೆದು ಪುಡಿಯಾಗುತ್ತದೆ. ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆಯವರು 2008ರಲ್ಲಿ ಸತ್ತ ಕುರಿಗಳ ಮೇಲೆ ಗುಂಡು ಹಾರಿಸಿ ಎಕ್ಸ್‌ರೇ ತೆಗೆದು ನೋಡಿದರು. ಬೇಗ ಒಡೆಯುವ ಜಾತಿಯ ಗುಂಡಾದರೆ ಒಂದೊಂದು ಕುರಿಯಲ್ಲಿ ಸರಾಸರಿ ನೂರಕ್ಕೂ ಜಾಸ್ತಿ ಚೂರು. ಕಣ್ಣಿಗೆ ಕಾಣುವುದು ಕೆಲವು, ಕಾಣದ್ದೇ ಜಾಸ್ತಿ.

ಅದೇ ಹೊತ್ತಿಗೆ ಕೆರೆಗಳೆಲ್ಲ ಹೆಪ್ಪುಗಟ್ಟಿ ಮೀನು ಸಿಗುವುದಿಲ್ಲ. ಹದ್ದು ಹೆಸರಿಗೆ ರಾಜ, ಹೊಟ್ಟೆಗೆ ಸಿಕ್ಕಿದ್ದೇ ಪ್ರಸಾದ. ಹಿಮದ ಮೇಲೆ ಕೆಂಪಗೆ ಬಿದ್ದಿರುವ ಕರುಳು ಮೇಲಿನಿಂದ ಚೆನ್ನಾಗಿ ಕಾಣುತ್ತದೆ. ಇಳಿದು ತಿನ್ನುತ್ತದೆ. ಮೂಳೆಯನ್ನೂ ಕರಗಿಸುವ ಆಮ್ಲ ಅದರ ಹೊಟ್ಟೆಯಲ್ಲಿದೆ, ಸೀಸ ಯಾವ ಲೆಕ್ಕ. ಕರಗಿ ರಕ್ತಕ್ಕೆ, ಅಲ್ಲಿಂದ ಮಿದುಳಿಗೆ, ನರಗಳಿಗೆ. ಅಕ್ಕಿ ಕಾಳಿನಷ್ಟು ಸಾಕು.

ಸೆಂಟರ್‌ನಲ್ಲಿ ಕಾಲಿನ ರಕ್ತನಾಳದಿಂದ ಒಂದು ಹನಿ ರಕ್ತ ತೆಗೆದು ಅಂಗೈ ಅಗಲದ ಯಂತ್ರಕ್ಕೆ ಹಾಕುತ್ತಾರೆ. ಮೂರು ನಿಮಿಷ. ಆ ಯಂತ್ರ ಒಂದು ಡೆಸಿಲೀಟರ್ ರಕ್ತಕ್ಕೆ 65 ಮೈಕ್ರೋಗ್ರಾಂ ಸೀಸದ ತನಕ ಮಾತ್ರ ಅಳೆಯುತ್ತದೆ. ಅದಕ್ಕಿಂತ ಮೇಲಾದರೆ ಅಂಕಿ ಬರುವುದಿಲ್ಲ, ಬರೀ 'ಹೈ' ಅಂತ ಬರುತ್ತದೆ. ಆಗ ಯಾರೂ ಮಾತಾಡುವುದಿಲ್ಲ. ಸೀಸವನ್ನು ರಕ್ತದಿಂದ ಹಿಡಿದು ಹೊರಗೆ ಹಾಕುವ ಇಂಜೆಕ್ಷನ್ ಇದೆ, ಕಡಿಮೆ ಇದ್ದರೆ ಎಷ್ಟೋ ಹಕ್ಕಿಗಳು ಎದ್ದು ಹಾರುತ್ತವೆ. ನಿಮ್ಮದು ಉಸಿರಾಡಲು ಒದ್ದಾಡುತ್ತಿತ್ತು ಅಂದರೆ ತಿಂದು ಆಗಲೇ ದಿನಗಳಾಗಿದ್ದವು. ಒಂದು ಗಂಟೆ ಮುಂಚೆ ಫೋನ್ ಮಾಡಿದ್ದರೂ ಉಳಿಯುತ್ತಿರಲಿಲ್ಲ. ಅದನ್ನು ತಲೆಯಿಂದ ತೆಗೆದುಹಾಕಿ. ಮುಟ್ಟದೇ ಇದ್ದದ್ದು ಒಳ್ಳೇದಾಯಿತು. ಸಾಯುವ ಹದ್ದಿನ ಉಗುರು ಕೂಡ ಕೈಯಲ್ಲಿ ತೂತು ಮಾಡುತ್ತದೆ. 2022ರಿಂದ ಹಕ್ಕಿಜ್ವರದ ಕಾಟ ಬೇರೆ, ಅದರಲ್ಲೂ ಹದ್ದುಗಳು ಸತ್ತಿವೆ. ದೂರ ನಿಂತು, ನಾಯಿ ಬರದಂತೆ ನೋಡಿಕೊಂಡು, ನೀರು ಊಟ ಏನೂ ಕೊಡದೆ ಫೋನ್ ಮಾಡುವುದು. ನೀವು ಮಾಡಿದ್ದೂ ಅದನ್ನೇ.

ಪಕ್ಕದ ಮನೆಯವರ ಹತ್ತಿರ ಮಾತಾಡಿ. ಉಪದೇಶ ಬೇಡ, ಜಗಳ ಅಂತೂ ಬೇಡವೇ ಬೇಡ. ತಾಮ್ರದ ಗುಂಡು ಸಿಗುತ್ತದೆ, ಸ್ವಲ್ಪ ದುಬಾರಿ, ಆದರೆ ಪುಡಿಯಾಗುವುದಿಲ್ಲ, ಹೂವಿನ ಹಾಗೆ ಅರಳಿ ಒಂದೇ ತುಂಡಾಗಿ ಉಳಿಯುತ್ತದೆ. ಅದು ಬೇಡ ಅಂದರೆ ಕರುಳನ್ನು ಹೂಳಿದರೂ ಆಯಿತು, ಚೀಲಕ್ಕೆ ತುಂಬಿ ತಂದರೂ ಆಯಿತು. ಅರಿಜೋನಾದಲ್ಲಿ ಕಾಂಡರ್ ರಣಹದ್ದು ಉಳಿಸಲು 2005ರಲ್ಲಿ ಶಿಕಾರಿಯವರಿಗೆ ಸೀಸ ಇಲ್ಲದ ಗುಂಡನ್ನು ಪುಕ್ಕಟೆ ಕೊಡಲು ಶುರು ಮಾಡಿದರು. ಕಾನೂನಿನ ಒತ್ತಾಯ ಇಲ್ಲ. ಆದರೂ ಹೆಚ್ಚಿನವರು ಒಪ್ಪಿಕೊಂಡಿದ್ದಾರೆ. ಕ್ಯಾಲಿಫೋರ್ನಿಯಾ ಮಾತ್ರ 2019ರಿಂದ ಶಿಕಾರಿಗೆ ಸೀಸವನ್ನೇ ನಿಷೇಧ ಮಾಡಿತು. ನನ್ನ ಕೇಳಿದರೆ ಅರಿಜೋನಾ ದಾರಿಯೇ ವಾಸಿ. ಹದ್ದಿನ ಪೆಟ್ಟಿಗೆ ಕಾರಿಗೆ ಎತ್ತಲು ನನಗೆ ಕೈ ಕೊಟ್ಟವರಲ್ಲಿ ಅರ್ಧ ಜನ ಶಿಕಾರಿಯವರೇ.

---

ಲೆಕ್ಕದ ಮೇಷ್ಟ್ರು (ಧಾರವಾಡ)

ಪಾಪ ಅನ್ನಿಸ್ತು. ಆದರೆ ಇಷ್ಟು ತಲೆಬಿಸಿ ಬೇಕಾ? 1963ರಲ್ಲಿ ಅಲಾಸ್ಕಾ ಬಿಟ್ಟು ಉಳಿದ ಅಮೆರಿಕದಲ್ಲೆಲ್ಲ ಗೂಡು ಕಟ್ಟಿದ್ದು 417 ಜೋಡಿ ಅಷ್ಟೇ. ಡಿಡಿಟಿ ಅನ್ನುವ ಕೀಟನಾಶಕದಿಂದ ಮೊಟ್ಟೆಯ ಸಿಪ್ಪೆ ತೆಳ್ಳಗಾಗಿ, ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆಯುತ್ತಿತ್ತು. 1972ರಲ್ಲಿ ಡಿಡಿಟಿ ನಿಲ್ಲಿಸಿದರು. 2007ರಲ್ಲಿ ಅಪಾಯದ ಪಟ್ಟಿಯಿಂದ ತೆಗೆದಾಗ 9,789 ಜೋಡಿ. 2019ರ ಲೆಕ್ಕಕ್ಕೆ 71,400 ಜೋಡಿ, ಮರಿ ಗಿರಿ ಸೇರಿ 3 ಲಕ್ಷದ ಮೇಲೆ. ಇಷ್ಟು ಚಂದ ಏರಿದ ಗ್ರಾಫ್ ನಾನು ಬೇರೆ ಎಲ್ಲೂ ನೋಡಿಲ್ಲ. ಒಂದು ಸತ್ತರೆ ಏನಾಯ್ತು? ನಮ್ಮ ಮನೆ ಗೋಡೆಗೂ ಮಲೇರಿಯಾ ಇಲಾಖೆಯವರು ಡಿಡಿಟಿ ಹೊಡೆದು ಹೋಗುತ್ತಿದ್ದರು, ನಾವೇನು ಸತ್ವಾ?

---

ಹಕ್ಕಿ ಸಾರಥಿ

ಮೇಷ್ಟ್ರೇ, ನಿಮ್ಮ ಅಂಕಿ ಎಲ್ಲ ಸರಿ. ಇನ್ನೊಂದು ಸೇರಿಸಿಕೊಳ್ಳಿ. 2022ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 38 ರಾಜ್ಯಗಳ 1,210 ಹದ್ದುಗಳನ್ನು ನೋಡಿದ್ದರು, ಬಿಳಿತಲೆಯವು ಮತ್ತು ಹೊನ್ನ ಹದ್ದು ಎರಡೂ. ಹೆಚ್ಚು ಕಡಿಮೆ ಅರ್ಧದಷ್ಟು ಹಕ್ಕಿಗಳ ಮೂಳೆಯಲ್ಲಿ ಸೀಸ ವರ್ಷಗಟ್ಟಲೆ ಕೂತಿತ್ತು. ಬಿಳಿತಲೆ ಹದ್ದುಗಳ ಸಂಖ್ಯೆ ಏರುವ ವೇಗವನ್ನು ಸೀಸವೊಂದೇ ವರ್ಷಕ್ಕೆ ಸುಮಾರು ಶೇಕಡಾ 4ರಷ್ಟು ಹಿಡಿದು ಎಳೆಯುತ್ತಿದೆ. ಗ್ರಾಫ್ ಏರುತ್ತಿದೆ ನಿಜ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಏರುತ್ತಿದೆ.

ಮತ್ತೆ ಇದು ಕೋಳಿ ಅಲ್ಲ. ತಲೆ ಬೆಳ್ಳಗಾಗಿ ಗೂಡು ಕಟ್ಟಲು ಐದು ವರ್ಷ ಬೇಕು. ಆಮೇಲೂ ವರ್ಷಕ್ಕೆ ಎರಡು, ಅಪರೂಪಕ್ಕೆ ಮೂರು ಮೊಟ್ಟೆ. ಇದೇ ಮಿನ್ನೆಸೋಟದ ಗೂಡಿನಿಂದ 1977ರಲ್ಲಿ ಒಂದು ಮರಿಯನ್ನು ನ್ಯೂಯಾರ್ಕ್ ರಾಜ್ಯಕ್ಕೆ ಒಯ್ದು ಬಿಟ್ಟಿದ್ದರು. ಆಗ ಅಲ್ಲಿ ಹದ್ದು ಹೆಚ್ಚು ಕಡಿಮೆ ಮುಗಿದೇ ಹೋಗಿತ್ತು. ಅದು 38 ವರ್ಷ ಬದುಕಿತು. ಅಂಥ ಹಕ್ಕಿ 2015ರಲ್ಲಿ ಕಾರಿಗೆ ಸಿಕ್ಕಿ ಸತ್ತಿತು. ಅಂಥ ಒಂದು ಹೋದರೆ ಅದರ ಜಾಗಕ್ಕೆ ಇನ್ನೊಂದು ನಾಳೆ ಬೆಳಿಗ್ಗೆ ಬರುವುದಿಲ್ಲ.

ಸಾಗರದವರೇ, ಕಾರು ಅಂದಾಗ ನೆನಪಾಯಿತು, ಇದು ನಿಮಗೆ. ರಸ್ತೆಯಲ್ಲಿ ಸತ್ತ ಜಿಂಕೆ ಕಂಡರೆ ಕೌಂಟಿಗೆ, ಅಂದರೆ ಇಲ್ಲಿನ ಜಿಲ್ಲಾಡಳಿತಕ್ಕೆ, ಒಂದು ಫೋನ್ ಮಾಡಿ, ತೆಗೆಸುತ್ತಾರೆ. ಅದನ್ನು ತಿನ್ನಲು ಕೂತ ಹದ್ದು ಹೊಟ್ಟೆ ತುಂಬಿದ ಮೇಲೆ ಬೇಗ ಏಳುವುದಿಲ್ಲ. ದೂರದಿಂದ ಕಂಡರೆ ನಿಧಾನ ಮಾಡಿ. ಮನೆಯಲ್ಲಿ ಇಲಿ ಪಾಷಾಣ ಇಡಬೇಡಿ. ಸತ್ತ ಹದ್ದುಗಳನ್ನು ಪರೀಕ್ಷೆ ಮಾಡಿದಾಗ ಹತ್ತರಲ್ಲಿ ಎಂಟರ ಮೈಯಲ್ಲಿ ಇಲಿ ಪಾಷಾಣದ ಅಂಶ ಸಿಕ್ಕಿತ್ತು. 2022ರ ಡಿಸೆಂಬರ್‌ನಲ್ಲಿ ಇಲ್ಲೇ ಹತ್ತಿರ ಕಸದ ಗುಡ್ಡೆಯ ಬಳಿ ಹತ್ತಕ್ಕೂ ಜಾಸ್ತಿ ಹದ್ದುಗಳು ಒಟ್ಟಿಗೆ ಬಿದ್ದಿದ್ದವು. ಇಂಜೆಕ್ಷನ್ ಕೊಟ್ಟು ದಯಾಮರಣ ಮಾಡಿದ ಪ್ರಾಣಿಯ ಹೆಣವನ್ನು ಯಾರೋ ಹಾಗೇ ಎಸೆದಿದ್ದರು. ಅದನ್ನು ತಿಂದಿದ್ದವು. ಪುಣ್ಯಕ್ಕೆ ಹೆಚ್ಚಿನವು ಉಳಿದುಕೊಂಡವು.

---

ಕೆರೆ ಏರಿ (ಅಟ್ಲಾಂಟಾ)

ನಮ್ಮ ದಕ್ಷಿಣದ ಕಡೆ ಇನ್ನೊಂದು ಕಥೆ ಇದೆ. ಅದರಲ್ಲಿ ಬೆಂಗಳೂರೂ ಬರುತ್ತದೆ, ಅದಕ್ಕೇ ಹೇಳುತ್ತೇನೆ.

1994ರ ಚಳಿಗಾಲದಲ್ಲಿ ಅರ್ಕನ್ಸಾದ ಡಿಗ್ರೇ ಸರೋವರದ ಹತ್ತಿರ ಹದ್ದುಗಳು ಕುಡಿದವರ ಹಾಗೆ ತೂರಾಡಿ ಬಂಡೆಗಳಿಗೆ ಡಿಕ್ಕಿ ಹೊಡೆದು ಸಾಯತೊಡಗಿದವು. ಒಂದೇ ಚಳಿಗಾಲದಲ್ಲಿ 29. ಮಿದುಳು ಕತ್ತರಿಸಿ ನೋಡಿದರೆ ಸ್ಪಂಜಿನ ಹಾಗೆ ತೂತು ತೂತು. ಕಾರಣ ಪೂರ್ತಿ ಬಿಡಿಸಲು 2021ರ ತನಕ ಬೇಕಾಯಿತು. ಹೈಡ್ರಿಲ್ಲಾ ಅನ್ನುವ ನೀರುಗಿಡದ ಎಲೆ ಮೇಲೆ ಒಂದು ಪಾಚಿಯಂಥ ಬ್ಯಾಕ್ಟೀರಿಯಾ ಬೆಳೆದು ವಿಷ ಮಾಡುತ್ತದೆ. ಆ ಗಿಡವನ್ನು ನಾಮದ ಕೋಳಿ ತಿನ್ನುತ್ತದೆ. ನಮ್ಮ ಕೆರೆಗಳಲ್ಲಿ ಹಣೆಗೆ ಬಿಳಿ ನಾಮ ಇಟ್ಟುಕೊಂಡು ಈಜುತ್ತದಲ್ಲ, ಅದರ ಅಮೆರಿಕದ ದಾಯಾದಿ. ವಿಷ ಏರಿ ಒದ್ದಾಡುವ ಕೋಳಿ ಹದ್ದಿಗೆ ಸುಲಭದ ಊಟ.

ಹೈಡ್ರಿಲ್ಲಾ ಇಲ್ಲಿಯದಲ್ಲ. 1950ರ ದಶಕದಲ್ಲಿ ಅಕ್ವೇರಿಯಂಗೆ ಅಂತ ತರಿಸಿ, ಆಮೇಲೆ ಫ್ಲೋರಿಡಾದ ಕಾಲುವೆಗೆ ಸೇರಿದ್ದು. ಬೇರೆ ಬೇರೆ ದೇಶದ ಗಿಡಗಳ ಡಿಎನ್‌ಎ ಹೋಲಿಸಿದಾಗ ಇಲ್ಲಿ ದಕ್ಷಿಣದಲ್ಲಿ ಹಬ್ಬಿದ ತಳಿಗೆ ತೀರಾ ಹತ್ತಿರ ಬಂದದ್ದು ಬೆಂಗಳೂರಿನ ಗಿಡ! ನಮ್ಮ ಕೆರೆಯಲ್ಲಿ ಸುಮ್ನೆ ಇದ್ದದ್ದು ಇಲ್ಲಿ ಬಂದು ಹದ್ದು ಕೊಲ್ಲುತ್ತಿದೆ. ಇನ್ನೂ ತಮಾಷೆ ಅಂದರೆ ಆ ವಿಷ ತಯಾರಾಗಲು ಬ್ರೋಮೈಡ್ ಬೇಕು. ಹೈಡ್ರಿಲ್ಲಾ ಸಾಯಿಸಲು ಹೊಡೆಯುವ ಒಂದು ಕಳೆನಾಶಕದಲ್ಲೇ ಬ್ರೋಮೈಡ್ ಇದೆ. ಜಾರ್ಜಿಯಾ ಗಡಿಯ ಥರ್ಮಂಡ್ ಸರೋವರದಲ್ಲಿ ಅದರ ಬದಲು ಹುಲ್ಲುಗೆಂಡೆ ಮೀನು ಬಿಟ್ಟು ಗಿಡವನ್ನೇ ತಿನ್ನಿಸಿದರು. ನಾನು ಈಗ ದೋಣಿ ನೀರಿನಿಂದ ಎತ್ತಿದ ಮೇಲೆ ಹಲ್ಲುಜ್ಜಿದ ಹಾಗೆ ಉಜ್ಜುತ್ತೇನೆ. ಒಂದು ಎಸಳು ಅಂಟಿಕೊಂಡು ಇನ್ನೊಂದು ಕೆರೆಗೆ ಹೋದರೂ ಸಾಕು, ಬೇರೂರುತ್ತದೆ.

---

ಬೆಟ್ಟದ ನೆರಳು (ರಾಮನಗರ)

ಓದ್ತಾ ಓದ್ತಾ ನಮ್ಮ ರಣಹದ್ದುಗಳೇ ಕಣ್ಣ ಮುಂದೆ ಬಂದವು. ದನಕ್ಕೆ ನೋವಿಗೆ ಅಂತ ಡೈಕ್ಲೋಫೆನಾಕ್ ಚುಚ್ಚೋದು, ದನ ಸತ್ತ ಮೇಲೆ ಹೊರಗೆ ಹಾಕೋದು, ತಿಂದ ರಣಹದ್ದಿನ ಕಿಡ್ನಿ ಹೋಗೋದು. 2006ರಲ್ಲಿ ದನಗಳಿಗೆ ಆ ಔಷಧಿ ನಿಷೇಧ ಆಯ್ತು. ನಮ್ಮ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮ ಆಯ್ತು. ಆದರೆ ಬೆಟ್ಟದಲ್ಲಿ ಈಗ ಬೆರಳಲ್ಲಿ ಎಣಿಸುವಷ್ಟೇ. ಅಲ್ಲಿ ನಿಮ್ಮವು ಲಕ್ಷದಲ್ಲಿದ್ದಾಗಲೇ ಯೋಚನೆ ಮಾಡ್ತಿದ್ದೀರಿ, ಮಾಡಿ. ಮೇಷ್ಟ್ರ ಮಾತು ಕೇಳಬೇಡಿ.

---

ಸಾಗರದವ

ಎಲ್ಲರಿಗೂ ಥ್ಯಾಂಕ್ಸ್. ಅಪ್‌ಡೇಟ್ ಕೊಡುತ್ತೇನೆ.

ಗರಿ ವಿಷಯ ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಬಿದ್ದ ಗರಿ ಎತ್ತಿದ್ದಕ್ಕೆ ಜೈಲು. ವಿಷ ಬಿಟ್ಟು ಹೋದವರಿಗೆ ಏನೂ ಇಲ್ವಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸಾರಥಿ ಅಕ್ಕ, ನಿಮ್ಮ ಹತ್ತಿರ ಇದ್ದರೆ ಹೇಳಿ. ಭಾನುವಾರ ಅದೇ ಹೊಲದ ಹತ್ತಿರ ಹೋಗಿ ಗರಿ ಇಟ್ಟು ಬಂದೆವು. ಗಾಳಿಗೆ ಹಾರಿ ಹೋಗದಿರಲಿ ಅಂತ ಅಮ್ಮ ಮೇಲೆ ಎರಡು ಜೋಳದ ದಂಟು ಇಟ್ಟರು.

ಪಕ್ಕದ ಮನೆಯವರ ಹತ್ತಿರ ಮಾತಾಡಿದೆ. ಸಾರಥಿ ಅಕ್ಕ ಹೇಳಿದ ಹಾಗೆ ಉಪದೇಶ ಮಾಡಲಿಲ್ಲ, ಕುರಿ ಎಕ್ಸ್‌ರೇ ಕಥೆ ಮಾತ್ರ ಹೇಳಿದೆ. ಅವರು ತುಂಬಾ ಹೊತ್ತು ಗಡ್ಡ ಕೆರೆದುಕೊಂಡರು. ಹೆಂಡತಿ ಮಕ್ಕಳು ಅದೇ ಮಾಂಸ ತಿನ್ನುವುದು ಅಂತ ತಲೆಗೆ ಹೋಗಿರಬೇಕು. ಮುಂದಿನ ವರ್ಷ ತಾಮ್ರ ತರುತ್ತೇನೆ, ಆದರೆ ಹಳೆಯದು ಎರಡು ಡಬ್ಬಿ ಇದೆ, ಎಸೆಯಲು ಮನಸ್ಸಿಲ್ಲ ಅಂದರು. ಗುರಿ ಅಭ್ಯಾಸಕ್ಕೆ ಖರ್ಚು ಮಾಡಿ ಅಂದೆ. ನಕ್ಕರು.

ಮದ್ದು ತುಂಬುವ ಹಳೇ ನಮೂನೆ ಕೋವಿಯ ಸೀಸನ್ ಇನ್ನೂ ನಡೆಯುತ್ತಿದೆ. ಈ ಶನಿವಾರ ಅವರು ಹೊರಡುತ್ತಿದ್ದಾರೆ. ಅದಕ್ಕೂ ಸೀಸದ್ದೇ ಗುಂಡು. ಕರುಳನ್ನು ಅಲ್ಲಿ ಬಿಡದೆ ತರುತ್ತೇನೆ, ಆದರೆ ಜಿಂಕೆ ಎಳೆಯುತ್ತಾ ಬಕೆಟ್ಟೂ ಹೊರಲು ನನಗೆ ಎರಡೇ ಕೈ ಅಂದರು. ಆಮೇಲೆ ನನ್ನ ಮುಖವನ್ನೇ ನೋಡುತ್ತಾ ನಿಂತರು.

ಹಾಗಾಗಿ ಶನಿವಾರ ಬೆಳಿಗ್ಗೆ ಐದಕ್ಕೆ ನಾನು, ಮೊಟ್ಟೆಯನ್ನೂ ಮುಟ್ಟದ ಮನೆಯವನು, ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು ಮುಚ್ಚಳ ಇರುವ ದೊಡ್ಡ ಬಕೆಟ್ ಹಿಡಿದು ಅವರ ಹಿಂದೆ ಹೊರಟಿದ್ದೇನೆ. ವಾಂತಿ ಬರದ ಹಾಗೆ ಏನಾದರೂ ಉಪಾಯ ಗೊತ್ತಿದ್ದರೆ ಹೇಳಿ. ಅಮ್ಮನಿಗೆ ಪಕ್ಷಿ ನೋಡಲು ಹೋಗುತ್ತೇನೆ ಅಂತ ಹೇಳಿದ್ದೇನೆ.